ಬಲಕ್ಕೆ ಕೆಂಪು, ಎಡಕ್ಕೆ ಹಸಿರು

ನಮ್ಮ ಮನೆಯಲ್ಲಿ ಕೂಸು ಹುಟ್ಟಿದ ಕೂಡಲೇ ಅದನ್ನು ಪಾಲು ಮಾಡುತ್ತಿದ್ದರು. ಪಾಲು ಮಾಡುವವಳು ನಮ್ಮ ಸೋದರತ್ತೆ, ಅಪ್ಪನ ಅಕ್ಕ. ಗಂಡ ತೀರಿಹೋದ ಮೇಲೆ ಇಳಕಲ್ಲಿನ ನಮ್ಮ ಮನೆಗೆ ಬಂದು, ಬಂದ ದಿನದಿಂದಲೇ ಮನೆ ಆಳಿದವಳು. ಎರೆದ ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು, "ಮೂಗು ನಮ್ಮದು, ಹಣಿ ನಮ್ಮದು, ಮೈಬಣ್ಣಾನೂ ನಮ್ಮದು" ಎಂದು ಒಂದೊಂದನ್ನೇ ತಮ್ಮನ ವಂಶಕ್ಕೆ ಸೇರಿಸುತ್ತಿದ್ದಳು. ಕೂಸು ಕಿಟಾರನೆ ಕಿರುಚಿದರೆ, "ಇದು ಮಾತ್ರ ತಾಯಿ ಕಡೀದು" ಎನ್ನುತ್ತಿದ್ದಳು. ನಾನು ಹುಟ್ಟಿದಾಗ ಕಿವಿಯಿಂದ ಹಿಮ್ಮಡಿಯವರೆಗೂ ಹುಡುಕಿ, ತನ್ನದೆನ್ನುವಂಥದ್ದು ಏನೂ ಸಿಗದೆ, ಇಡೀ ನನ್ನನ್ನೇ ಅವ್ವನ ತವರಿಗೆ ಬಿಟ್ಟುಕೊಟ್ಟಳಂತೆ. ಅದರಿಂದ ನನಗೇನೂ ನಷ್ಟವಾಗಲಿಲ್ಲ. ಅವ್ವನ ತವರಿನ ಸಿಟ್ಟು ಇಲ್ಲದಿದ್ದರೆ ಆ ಮನೆಯಲ್ಲಿ ನಾನು ಏಳನೆಯ ಇಯತ್ತೆಯವರೆಗೆ ಸಾಲಿಗೆ ಹೋಗುತ್ತಿರಲಿಲ್ಲ.

ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನಾದ ಅಣ್ಣನನ್ನು ಮಾತ್ರ ಅತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಅವನು ಪೂರಾ ಅಪ್ಪನ ಅಚ್ಚು. ಅದೇ ಉದ್ದನೆಯ ಬೆರಳು, ಬೇಸಿಗೆಯಲ್ಲೂ ಬೆವರದ ಅಂಗೈ. ರೇಷ್ಮೆ ಮುಟ್ಟುವವರಿಗೆ ಅಂಥ ಅಂಗೈ ಬೇಕು. ನಮ್ಮದು ನೇಕಾರರ ಮನೆ. ನಡುಮನೆಯ ನೆಲದಲ್ಲಿ ಕುಣಿ ತೆಗೆದು ಹೂಡಿದ ಎರಡು ಮಗ್ಗಗಳಿದ್ದವು. ಒಂದರಲ್ಲಿ ಅಪ್ಪ ಕೂಡುತ್ತಿದ್ದ. ಇನ್ನೊಂದು ಅಜ್ಜ ಸತ್ತ ಮೇಲೆ ಖಾಲಿ ಬಿದ್ದು ಅಣ್ಣನ ದಾರಿ ಕಾಯುತ್ತಿತ್ತು.

ಅವ್ವನ ಕೆಲಸ, ನನ್ನ ಕೆಲಸ, ಕಂಡಿಕೆ ಸುತ್ತುವುದು. ಲಾಳಿಯೊಳಗೆ ಕೂಡಿಸುವ ಬೆರಳುದ್ದದ ನೂಲಿನ ಸುರುಳಿಗೆ ನಮ್ಮಲ್ಲಿ ಕಂಡಿಕೆ ಎನ್ನುತ್ತಾರೆ. ರಾಟಿ ತಿರುವಿ ಸುತ್ತಿದ ಕಂಡಿಕೆಗಳನ್ನೆಲ್ಲ, ಬಣ್ಣ ಯಾವುದೇ ಇರಲಿ, ಒಂದೇ ಬುಟ್ಟಿಗೆ ಹಾಕಿ ಮಗ್ಗದ ಪಕ್ಕದಲ್ಲಿ ಇಟ್ಟು ಹೊರಬರಬೇಕು. ಬೇಕಾದದ್ದನ್ನು ನೇಯುವವನೇ ಆರಿಸಿಕೊಳ್ಳುತ್ತಾನೆ. ನೇಯುವವನಿಗೆ ಹೆಣ್ಣುಮಕ್ಕಳು ಕಂಡಿಕೆ ಆರಿಸಿ ಇಡಬಾರದು, ಕೈಗೆ ಕೊಡಬಾರದು, ಕೊಟ್ಟರೆ ಅವನ ಕೈ ಕಟ್ಟುತ್ತದೆ ಎಂಬುದು ಅತ್ತೆಯ ಕಟ್ಟಳೆ. ಪಕ್ಕದ ಮನೆಯಲ್ಲೇ ಹೆಂಡತಿ ಗಂಡನ ಕೈಗೆ ಕಂಡಿಕೆ ಕೊಡುತ್ತಿದ್ದಳು. ಆ ಗಂಡನ ಕೈ ಎಂದೂ ಕಟ್ಟಿದ್ದನ್ನು ನಾನು ನೋಡಲಿಲ್ಲ. ಆದರೆ ಒಂದೊಂದು ಮನೆಗೆ ಒಂದೊಂದು ಶಾಸ್ತ್ರ.

ಅಣ್ಣ ಹುಡುಗನಾಗಿದ್ದಾಗಲೇ ನಮಗೆ ತಿಳಿಯಬೇಕಿತ್ತು ಎಂದು ಈಗ ಅನಿಸುತ್ತದೆ. ಮೆಣಸಿನಕಾಯಿ ಹೊಲಕ್ಕೆ ಹೋದರೆ ಅವನು ಹಣ್ಣು ಬಿಟ್ಟು ಕಾಯಿ ಹರಿಯುತ್ತಿದ್ದ. ಬೋರೆ ಹಣ್ಣು ತಿನ್ನಲು ಹೋದರೆ ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ ಬಾಯಿಗೆ ಹಾಕುತ್ತಿದ್ದ. ನಾನು ನೋಡಿದ ನೋಟಕ್ಕೇ ಕೆಂಪಗಿನವನ್ನೇ ಆರಿಸಿ ಉಡಿ ತುಂಬಿಕೊಂಡು ನಗುತ್ತಿದ್ದೆ. "ನಿಂಗ ಎಲ್ಲಿ ಕಾಣ್ತಾವಲೇ ಅವು?" ಎಂದು ಅವನು ಬೆರಗಾಗಿ ಕೇಳುತ್ತಿದ್ದ. ಹುಂಬ ಎಂದು ಮನೆಯವರೆಲ್ಲ ನಕ್ಕರು. ಅವನೂ ನಕ್ಕ. ಎಲ್ಲರಿಗೂ ಲೋಕ ಹೀಗೆಯೇ ಕಾಣುತ್ತದೆ, ತಾನು ಮಾತ್ರ ದಡ್ಡ ಎಂದು ಅವನು ತಿಳಿದಿದ್ದ.

ಮೊದಮೊದಲು ಅಪ್ಪ ಅವನಿಗೆ ಒಂದೇ ಬಣ್ಣದ ಕೆಲಸ ಕೊಟ್ಟ. ಹಾಸಿನ ಉದ್ದೆಳೆಯೂ ಕರಿ, ಹೊಕ್ಕಿನ ಅಡ್ಡೆಳೆಯೂ ಕರಿ. ಅವನು ನೇಯ್ದ ಬಟ್ಟೆಯನ್ನು ಅಪ್ಪ ಬೆಳಕಿಗೆ ಹಿಡಿದು ನೋಡುತ್ತಿದ್ದ, ಒಂದು ಮಾತೂ ಆಡದೆ ಮಡಚಿಡುತ್ತಿದ್ದ. ಅಪ್ಪನ ಬಾಯಿಂದ ಹೊಗಳಿಕೆ ಅಂದರೆ ಅಷ್ಟೇ. ಅಣ್ಣನಿಗೆ ಅದು ಸಾಕಾಗುತ್ತಿತ್ತು. ಆ ದಿನ ಉಣ್ಣಲು ಕೂತಾಗ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ಆಮೇಲೆ ಒಂದು ಮದುವೆಯ ಸೀರೆ ಬಂತು. ಹಸಿರು ಒಡಲು, ಕೆಂಪು ಸೆರಗು. ಒಡಲನ್ನು ಅಪ್ಪನೇ ನೇಯ್ದು ಮುಗಿಸಿದ. ಹಸಿರು ಹಾಸಿನ ತುದಿಗೆ ಕೆಂಪು ಹಾಸು ಜೋಡಿಸಿ, ಸೆರಗು ಶುರುವಾಗುವ ಕಡೆ ಅಣ್ಣನನ್ನು ಕೂಡಿಸಿ, ಪೇಟೆಯಲ್ಲಿ ಕೆಲಸವಿತ್ತೆಂದು ಹೊರಗೆ ಹೋದ. ಮೊದಲ ಸಲ ರೇಷ್ಮೆಯ ಸೆರಗು ಕೈಗೆ ಸಿಕ್ಕಿತ್ತು. ಅಣ್ಣ ಉಸಿರು ಬಿಗಿಹಿಡಿದು ನೇಯ್ದ. ಮಧ್ಯಾಹ್ನ ಅಪ್ಪ ತಿರುಗಿ ಬಂದು ನೋಡಿದರೆ ಕೆಂಪು ಹಾಸಿನ ಮೇಲೆ ಗೇಣುದ್ದ ಹಸಿರು ಹೊಕ್ಕು. ಸೆರಗಿನ ಆ ತುಂಡು ಕೊಳೆತ ಎಲೆಯ ಬಣ್ಣಕ್ಕೆ ತಿರುಗಿತ್ತು.

ಅಪ್ಪ ಲಾಳಿ ತೆಗೆದುಕೊಂಡೇ ಹೊಡೆದ. "ಲೇ, ಕಣ್ಣು ಎಲ್ಲಿಟ್ಟಿದ್ದಿ?"

ಅಣ್ಣ ಮುಖಕ್ಕೆ ಕೈ ಅಡ್ಡ ಹಿಡಿದು, "ಕೆಂಪೇ ಹಾಕೇನಲ್ಲಪ್ಪಾ" ಎಂದ.

ಅಪ್ಪನ ಕೈ ಅಲ್ಲೇ ನಿಂತಿತು. ಅವನು ಸುಳ್ಳು ಹೇಳುತ್ತಿಲ್ಲ ಎಂದು ಅಪ್ಪನಿಗೂ ಗೊತ್ತಾಯಿತು. ಬುಟ್ಟಿಯಿಂದ ಎರಡು ಕಂಡಿಕೆ ತೆಗೆದು ಅಂಗೈಯಲ್ಲಿ ಹಿಡಿದು, "ಇದ್ರಾಗ ಕೆಂಪು ಯಾವ್ದು?" ಎಂದು ಕೇಳಿದ. ಅಣ್ಣ ಅಂಗೈ ನೋಡಲಿಲ್ಲ, ಅಪ್ಪನ ಮುಖ ನೋಡಿದ. ಅಲ್ಲಿ ಉತ್ತರ ಸಿಗುತ್ತದೇನೋ ಎಂದು ಹುಡುಕಿದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಗೆಚಾಟಿಕೆಯ ಹುಂಬತನವೆಂದು ತಿಳಿದದ್ದು ನಗುವಂಥದ್ದಾಗಿರಲಿಲ್ಲ.

ಅತ್ತೆಗೆ ಕಾರಣ ಹುಡುಕಲು ತಡವಾಗಲಿಲ್ಲ. ಅಣ್ಣ ಹೊಟ್ಟೆಯಲ್ಲಿದ್ದಾಗ ಒಂದು ಸೂರ್ಯಗ್ರಹಣವಾಗಿತ್ತು. ಬಸುರಿಯಾದ ಅವ್ವ ಒಳಗೆ ಕದ ಹಾಕಿಕೊಂಡು ಕೂಡಬೇಕಿತ್ತು. ಆದರೆ ಏಕಾಏಕಿ ಮಳೆ ಹನಿಯತೊಡಗಿತಂತೆ. ಬಣ್ಣ ಹಾಕುವವರ ಅಂಗಳದಲ್ಲಿ ನಮ್ಮ ಮನೆಯ ನೂಲು ಒಣಗಹಾಕಿತ್ತು. ಅದನ್ನು ಉಳಿಸಲು ಅವ್ವ ಓಡಿದಳು. ಓಡುವಾಗ ಅಲ್ಲಿ ಕುದಿಯುತ್ತಿದ್ದ ಕೆಂಪು ಬಣ್ಣದ ಹಂಡೆಯನ್ನೂ ನೋಡಿದಳು. "ಗ್ರಹಣದಾಗ ಬಸುರಿ ಬಣ್ಣದ ಹಂಡೆ ನೋಡಿದ್ರ ಕೂಸಿನ ಕಣ್ಣಿಗೆ ಆ ಬಣ್ಣ ದಕ್ಕಂಗಿಲ್ಲ" ಎಂದಳು ಅತ್ತೆ. ಇಂಥ ಶಾಸ್ತ್ರವನ್ನು ಅಲ್ಲಿಯವರೆಗೆ ಇಳಕಲ್ಲಿನಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಅದನ್ನು ಆ ಗಳಿಗೆಯಲ್ಲೇ ಹುಟ್ಟಿಸಿದಳೆಂದು ಇವತ್ತಿಗೂ ನನ್ನ ನಂಬಿಕೆ.

ಅವ್ವ ಮಾತ್ರ ನಂಬಿದಳು. ಓಡಿದ ದಿನದಿಂದ ಏನೋ ಒಂದು ಆಗುತ್ತದೆಂದು ಅವಳು ಒಳಗೊಳಗೇ ಅಂಜಿದ್ದಳು, ಅದು ಈಗ ಆಯಿತು ಅಷ್ಟೇ. ಮಗನ ಮಗ್ಗ ನಾನೇ ಕಸಿದೆ ಎಂದು ಅತ್ತಳು. ಅವಳಿಗೆ ಎಲೆ ಅಡಿಕೆ ಎಂದರೆ ಪ್ರಾಣ. ಊಟ ಬಿಟ್ಟರೂ ಎಲೆ ಬಿಡುವವಳಲ್ಲ. ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತು, ಮಗನ ಕಣ್ಣಿಗೆ ಬಣ್ಣ ಬರುವವರೆಗೆ ಎಲೆ ಮುಟ್ಟುವುದಿಲ್ಲ ಎಂದು ಬಿಟ್ಟಳು. ಕೆಂಪಗಿರುತ್ತಿದ್ದ ಅವಳ ಬಾಯಿ ಸ್ವಲ್ಪ ದಿನಕ್ಕೆ ಬೆಳ್ಳಗಾಯಿತು. ಮಾತೂ ಕಡಿಮೆಯಾಯಿತು.

ಎರಡನೆಯ ಮಗ್ಗಕ್ಕೆ ಹಳೆಯ ಧೋತರ ಮುಚ್ಚಿದರು. ಅಣ್ಣ ನೂಲಿನ ಗಂಟು ಹೊರುವುದು, ನೀರು ತರುವುದು, ದನ ಕಟ್ಟುವುದು ಮಾಡಿಕೊಂಡು ಇದ್ದ. ಮಗ್ಗ ಬಡಿಯುವ ಸದ್ದು ಶುರುವಾದರೆ ಎದ್ದು ಹೊರಗೆ ಹೋಗುತ್ತಿದ್ದ. ಅಪ್ಪ ಆಮೇಲೆ ಒಮ್ಮೆಯೂ ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಣ್ಣ ನನ್ನ ಮುಂದೆ ಅಂದದ್ದುಂಟು.

ಬಾಗಲಕೋಟೆಯ ನಮ್ಮ ಪರಿಚಯದವರೊಬ್ಬರು ರೈಲಿನಲ್ಲಿ ಕೆಲಸಕ್ಕಿದ್ದರು. ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಸಿಗ್ನಲ್ ಕಡೆ ಆಳು ಬೇಕಾಗಿದ್ದಾರೆ, ಕಳಿಸಿರಿ ಎಂದು ಅವರು ಹೇಳಿಕಳಿಸಿದರು. ನೌಕರಿಯ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗುವ ಮೊದಲು ಬಾಗಲಕೋಟೆಯಲ್ಲಿ ಯಾರಾದರೂ ಡಾಕ್ಟರಿಗೆ ಕಣ್ಣು ತೋರಿಸಿಕೊಳ್ಳಲಿ ಎಂದೂ ಸೇರಿಸಿದರು. ಅವ್ವ ಹರಕೆಗೆಂದು ಬಾದಾಮಿಗೆ ಹೇಗೂ ಹೊರಡುವವಳಿದ್ದಳು. ಅಣ್ಣನನ್ನೂ ನನ್ನನ್ನೂ ಕರೆದುಕೊಂಡು, ದೇವಿಗೆ ಕೈಮುಗಿದು, ಬಾದಾಮಿಯಿಂದ ರೈಲು ಹಿಡಿದು ಬಾಗಲಕೋಟೆಗೆ ಹೋಗುವುದೆಂದು ನಿಶ್ಚಯವಾಯಿತು. ನಾನು ರೈಲು ಹತ್ತಿದ್ದು ಅದೇ ಮೊದಲು.

ಬಾದಾಮಿ ಸ್ಟೇಶನ್ನಿನಲ್ಲಿ ಅಣ್ಣ, ತುದಿಯಲ್ಲಿ ಕೈಯಂತೆ ಅಡ್ಡ ಚಾಚಿದ ಪಟ್ಟಿಯಿದ್ದ ಸಿಗ್ನಲ್ಲಿನ ಕಂಬವನ್ನೇ ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಗೆಲುವು ಕಂಡಿತು. "ನೋಡ, ಕೈ ನೆಟ್ಟಗಿದ್ರ ನಿಲ್ಲು, ಕೈ ಇಳಿದ್ರ ಬಾ. ಇದರಾಗ ಬಣ್ಣ ಯಾಕ ಬೇಕು? ಇದು ನನಗ ಬರತೈತಿ" ಎಂದ. ಹಗಲು ಹೊತ್ತಿನಲ್ಲಿ ಅವನ ಮಾತು ಸರಿಯಾಗಿಯೇ ಇತ್ತು. ಕತ್ತಲಾದ ಮೇಲೆ ಆ ಕೈ ಕಾಣುವುದಿಲ್ಲ, ಕೆಂಪು ಹಸಿರು ದೀಪ ಮಾತ್ರ ಕಾಣುತ್ತದೆ ಎಂಬುದು ನಮ್ಮ ಮೂವರಿಗೂ ಹೊಳೆಯಲಿಲ್ಲ.

ಬಾಗಲಕೋಟೆಯ ಡಾಕ್ಟರು ಅಲ್ಲಿಯದೇ ಹಳೆಯ ಮುಸಲ್ಮಾನ ಮನೆತನದವರು, ಬಿಳಿ ಗಡ್ಡ, ಬಲು ಮೆಲುದನಿ. ದವಾಖಾನೆಯ ಮೇಜಿನ ಮೇಲೆ ಒಂದು ಡಬ್ಬಿ ಬೋರಲು ಹಾಕಿದರು. ಅದರಲ್ಲಿ ಇದ್ದದ್ದು ಬಣ್ಣಬಣ್ಣದ ಉಣ್ಣೆಯ ಲಡಿಗಳು. ನೂಲು ನೋಡಿ ಅವ್ವ ಬೆಚ್ಚಿದ್ದು ನನಗೆ ತಿಳಿಯಿತು. ಒಂದು ಹಸಿರು ಲಡಿ ಎತ್ತಿ ಕೊಟ್ಟು, "ಬೇಟಾ, ಇದರ ಜೋಡಿದೆಲ್ಲಾ ತಗದು ಒಂದ್ಕಡೆ ಇಡು" ಎಂದರು ಡಾಕ್ಟರು. ನೇಕಾರನ ಮಗ ನೂಲಿನ ಮುಂದೆ ಕೂತ. ಒಂದೊಂದನ್ನೂ ಬೆರಳಿನಿಂದ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಹಸಿರಿನ ಪಕ್ಕ ಕಂದು ಇಟ್ಟ, ಕೆಂಪು ಇಟ್ಟ, ಬೂದು ಇಟ್ಟ. ಮತ್ತೆ ಒಂದು ಹಸಿರು ಇಟ್ಟ. ಇಡುವ ಕೈ ಮಾತ್ರ ಎಷ್ಟು ಹಗುರ, ಎಷ್ಟು ನೇರ! ಒಂದು ಎಳೆಯೂ ಕೆದರಲಿಲ್ಲ.

ಡಾಕ್ಟರು ಲಡಿಗಳನ್ನು ಡಬ್ಬಿಗೆ ತುಂಬಿ, "ರೈಲಿನ ಕೆಲಸ ಆಗಂಗಿಲ್ಲ, ಬೇಟಾ" ಎಂದರು. ಆಮೇಲೆ ಅವ್ವನ ಕಡೆ ತಿರುಗಿದರು. "ತಂಗಿ, ನಿಮ್ಮ ತಂದೀಗೆ ಹಿಂಗ ಇತ್ತೇನು? ಕೆಂಪು, ಹಸಿರು ತಿಳೀದಂಗ?"

"ಇಲ್ರಿ. ನಮ್ಮಪ್ಪ ಹುನಗುಂದದಾಗ ಹೆಸರಾದ ನೇಕಾರ್ರಿ" ಎಂದು ಅವ್ವ ತಟ್ಟನೆ ಹೇಳಿದಳು. ಅವಳ ಮುಖ ಬದಲಾಗುವುದನ್ನು ನಾನು ನೋಡುತ್ತಿದ್ದೆ.

"ನಮ್ಮಪ್ಪನ ಮಗ್ಗದ ಮುಂದ ನಾನ ಕೂಡ್ತಿದ್ದೆರಿ" ಎಂದಳು ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ. "ಬಲಕ್ಕ ಕೆಂಪು ಇಡ್ಬೇಕು, ಎಡಕ್ಕ ಹಸಿರು ಇಡ್ಬೇಕು. ನನ್ನ ಕಿಂತಾ ಮದಲ ನಮ್ಮವ್ವ ಇಡ್ತಿದ್ದಳು. ನನ್ನ ಮದುವಿ ಆದ ಮ್ಯಾಲೆ ನನ್ನ ತಂಗಿ ಇಟ್ಟಳು. ಒಮ್ಮೆ ಆಟಕ್ಕ ಅದಲು ಬದಲು ಇಟ್ಟಿದ್ದೆ. ಅಪ್ಪ ಹಂಗ ನೇಯ್ದುಬಿಟ್ಟ. ಅವ್ವ ನನಗ ಬಡದಳು, ಅಪ್ಪಗ ಏನೂ ಅನ್ನಲಿಲ್ಲ. ಅದು ಅಪ್ಪನ ಶಿಸ್ತು ಅಂತ ತಿಳಿದಿದ್ವಿರಿ."

ಡಾಕ್ಟರು ತಲೆ ಆಡಿಸಿದರು. ಇದು ರೋಗವಲ್ಲ, ಔಷಧವಿಲ್ಲ, ಪಾಪದ ಫಲವಂತೂ ಅಲ್ಲವೇ ಅಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಗ್ರಹಣದ ಮಾತು ಕೇಳಿ ನಗಲೂ ಇಲ್ಲ, ಬೈಯಲೂ ಇಲ್ಲ. "ಗ್ರಹಣ ಬಂದಿದ್ದರೂ ಅಷ್ಟ, ಬರದಿದ್ದರೂ ಅಷ್ಟ, ತಂಗಿ. ಇದು ಅಜ್ಜನಿಂದ ಮಗಳ ಕೈಲೆ ಮೊಮ್ಮಗಗ ಬಂದದ್ದು. ಹೆಣ್ಮಕ್ಕಳು ಹೊತ್ಕೊಂಡು ಬರ್ತಾರ, ಅವರ ಕಣ್ಣಿಗೆ ಏನೂ ಆಗಿರಂಗಿಲ್ಲ. ಅವರ ಗಂಡುಮಕ್ಕಳಿಗೆ ಹೊಡೀತೈತಿ. ಎಲ್ಲಾರಿಗೂ ಅಲ್ಲ, ಒಬ್ಬಗ ಬರ್ತೈತಿ, ಒಬ್ಬಗ ಇಲ್ಲ. ಇವನ ಗಂಡುಮಕ್ಕಳಿಗಂತೂ ಇವನಿಂದ ಬರೂದ ಇಲ್ಲ."

ಅವ್ವ ನನ್ನನ್ನು ತನ್ನ ಹತ್ತಿರ ಎಳೆದುಕೊಂಡು, "ಈಕಿಗೆರಿ?" ಎಂದು ಕೇಳಿದಳು.

"ಛಾಪಾ-ಕಾಟಾ" ಎಂದರು ಡಾಕ್ಟರು, ನಾಣ್ಯ ಚಿಮ್ಮುವಂತೆ ಬೆರಳು ಆಡಿಸಿ. "ಈಕಿ ಹೊತ್ತಿರಬಹುದು, ಇಲ್ಲದೆನೂ ಇರಬಹುದು. ಅದು ಈಕಿ ಗಂಡುಮಕ್ಕಳು ಹುಟ್ಟಿ ಬಣ್ಣ ಗುರುತು ಹಿಡಿಯೂ ಮಟ ತಿಳಿಯಂಗಿಲ್ಲ."

ಈಗ ನನ್ನ ಮೊಮ್ಮಗಳ ಸಾಲಿಯ ಪುಸ್ತಕದಲ್ಲಿ ಇದೆಲ್ಲ ಚಿತ್ರ ಬರೆದು ವಿವರಿಸಿದೆ. ಜೀವಕೋಶ, ಅದರೊಳಗೆ ವರ್ಣತಂತುಗಳು, ಅವುಗಳೊಳಗೆ ಹುರಿಮಾಡಿದಂತೆ ಸುತ್ತಿಕೊಂಡ ಡಿಎನ್‌ಎ. ಕಣ್ಣಿಗೆ ಕೆಂಪು ಹಸಿರು ಬೇರೆ ಮಾಡಿ ತೋರಿಸುವ ಸೂತ್ರ ಎಕ್ಸ್ ಎಂಬ ವರ್ಣತಂತುವಿನ ಮೇಲಿದೆಯಂತೆ. ಹೆಣ್ಣಿಗೆ ಅಂಥವು ಎರಡು, ತಾಯಿಯದೊಂದು ತಂದೆಯದೊಂದು. ಗಂಡಿಗೆ ಒಂದೇ, ಅದೂ ತಾಯಿಯಿಂದ ಬಂದದ್ದು. ಎರಡೆಳೆ ಕೂಡಿಸಿದ ನೂಲಿನಲ್ಲಿ ಒಂದೆಳೆ ಸವೆದಿದ್ದರೂ ಇನ್ನೊಂದು ತಡೆಯುತ್ತದೆ, ಒಂಟಿ ಎಳೆ ಸವೆದರೆ ಅಲ್ಲಿಗೇ ಮುಗಿಯಿತು. ಮೊಮ್ಮಗಳು ಓದಿ ಹೇಳಿದಾಗ ನಾನು ಮತ್ತೆ ಮತ್ತೆ ಓದಿಸಿಕೊಂಡೆ. ಮುದುಕಿಗೆ ಕಿವಿ ಮಂದ ಎಂದು ಅವಳು ತಿಳಿದಳು.

ದವಾಖಾನೆಯಿಂದ ಹೊರಬಿದ್ದಾಗ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ಅವ್ವನದು ತಪ್ಪಿಲ್ಲ ಎಂದು ಗಡ್ಡದ ಡಾಕ್ಟರೇ ಹೇಳಿದರಲ್ಲ! ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ, "ಅವ್ವಾ, ನಾಳಿಯಿಂದ ಎಲಿ ತಿನ್ನು. ಅತ್ತಿ ಮಕಕ್ಕ ಹೊಡದಂಗ ಹೇಳೂಣು" ಎಂದೆ.

ಅವ್ವ ಕಿಟಕಿಯಾಚೆ ನೋಡುತ್ತಿದ್ದಳು. "ಗ್ರಹಣದ ಪಾಪ ಆಗಿದ್ರ ಎಂದರ ಒಂದಿನ ತೀರತಿತ್ತು, ಮಗಳ. ಇದು ನಮ್ಮಪ್ಪ ಕೊಟ್ಟದ್ದು. ಅಪ್ಪ ಕೊಟ್ಟದ್ದನ್ನ ಹೆಂಗ ತೀರಸಲಿ?"

ಅಷ್ಟರಲ್ಲಿ ನನಗೆ ಇನ್ನೊಂದು ಹೊಳೆಯಿತು. ಹುನಗುಂದದ ಅಜ್ಜ ಸಾಯುವವರೆಗೂ ನೇಯ್ದನಲ್ಲ! ಅಣ್ಣನೂ ನೇಯಬಹುದಲ್ಲ! "ನಾ ಅಣ್ಣನ ಮುಂದ ಕೂಡ್ತೇನವ್ವಾ. ಬಲಕ್ಕ ಕೆಂಪು, ಎಡಕ್ಕ ಹಸಿರು ಇಡ್ತೇನಿ" ಎಂದೆ. ಮುಂದಿನ ಸೀಟಿನಲ್ಲಿದ್ದ ಅಣ್ಣ ಸರ್ರನೆ ತಿರುಗಿದ. ಅವನ ಆ ಮುಖ ನನಗೆ ಈಗಲೂ ಕಾಣುತ್ತದೆ. ಯಾಕಾದರೂ ಆ ಮಾತು ಆಡಿದೆನೋ, ಅವನಿಗೆ ಆಸೆ ಹುಟ್ಟಿಸಿದೆ.

ಅವ್ವ ದನಿ ಇಳಿಸಿ, ಇಬ್ಬರಿಗೂ ಕೇಳುವಂತೆ ಹೇಳಿದಳು. "ನೀ ಕೂತರ ಯಾಕ ಕುಂತಿ ಅಂತ ನಿಮ್ಮತ್ತಿ ಕೇಳ್ತಾಳ. ಹೇಳಬೇಕಾಗ್ತೈತಿ. ಹೇಳಿದ್ರ ಇಡೀ ಓಣಿಗೆ ತಿಳೀತೈತಿ. ಗ್ರಹಣ ಅಂದ್ರ ಇವನೊಬ್ಬನ ಮ್ಯಾಲೆ ಹೋತು. ರಕ್ತದಾಗ ಐತಿ, ಹೆಣ್ಣಿನ ಕೈಲೆ ಬರತೈತಿ ಅಂದ್ರ, ಯಾವ ನೇಕಾರ ಇಕಿನ್ನ ಸೊಸಿ ಮಾಡ್ಕೋತಾನ? ನಾಳಿ ಮಗ್ಗಕ್ಕ ಕೂಡಲಾರದ ಮೊಮ್ಮಗ ಹುಟ್ಟತಾನ ಅಂತ ತಿಳಿದೂ ಯಾರು ತರತಾರ?"

ನನಗೆ ಆಗ ಹದಿನಾಲ್ಕು ತುಂಬಿತ್ತು. ಮನೆಯಲ್ಲಿ ವರನ ಮಾತು ಶುರುವಾಗಿತ್ತು. ಮದುವೆಯೇ ಬೇಡ ಎಂದು ನಾನು ಕೂಗಾಡಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಣ್ಣ ಮತ್ತೆ ಮುಂದಕ್ಕೆ ತಿರುಗಿ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಬೆನ್ನು ನಮ್ಮ ಕಡೆಗೇ ಇಟ್ಟುಕೊಂಡು, "ಗ್ರಹಣನ ಇರ್ಲಿ ಬಿಡವ್ವಾ" ಎಂದ.

ಹಾಗೆ ಅವ್ವ, ತನ್ನದಲ್ಲ ಎಂದು ಗೊತ್ತಾದ ಪಾಪವನ್ನು ಮತ್ತೆ ತಲೆಯ ಮೇಲೆ ಹೊತ್ತುಕೊಂಡು ಮನೆಯೊಳಗೆ ಬಂದಳು. ಅತ್ತೆ ಗ್ರಹಣದ ಮಾತು ತೆಗೆದಾಗಲೆಲ್ಲ ತಲೆ ತಗ್ಗಿಸಿದಳು. ಎಲೆ ತಿನ್ನದೇ ಇದ್ದಳು, ತಿಂದರೆ ಅನುಮಾನ ಬರುತ್ತದಲ್ಲ. ಮೊದಲು ನಂಬಿ ಬಿಟ್ಟದ್ದಕ್ಕಿಂತ ಈಗ ನಂಬದೆ ಬಿಟ್ಟದ್ದು ಅವಳಿಗೆ ಎಷ್ಟು ಕಷ್ಟವಾಗಿರಬೇಕು! ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಇನ್ನೂ ಆರಿಲ್ಲ. ಸತ್ತವರ ಮೇಲೆ ಸಿಟ್ಟಿರಬಾರದು ಎನ್ನುತ್ತಾರೆ. ಎನ್ನಲಿ.

ಅಣ್ಣ ಬಾಗಲಕೋಟೆಗೆ ಹೋದ. ಹತ್ತಿ ಜಿನ್ನಿನಲ್ಲಿ ಅಂಡಿಗೆ ಎನ್ನುವ ದೊಡ್ಡ ಮೂಟೆಗಳನ್ನು ಹಗ್ಗದಿಂದ ಬಿಗಿದು ಕಟ್ಟುವ, ಹೊರುವ ಕೆಲಸ ಸಿಕ್ಕಿತು. ಅಲ್ಲಿ ಎಲ್ಲವೂ ಬಿಳಿಯೇ, ಬಣ್ಣದ ತಂಟೆಯಿಲ್ಲ ಎಂದು ಬಂದಾಗ ನಗುತ್ತಿದ್ದ. ಉಗಾದಿಗೊಮ್ಮೆ, ದೀಪಾವಳಿಗೊಮ್ಮೆ ಬರುತ್ತಿದ್ದ. ನಡುಮನೆಗೆ ಮಾತ್ರ ಕಾಲಿಡುತ್ತಿರಲಿಲ್ಲ, ಜಗಲಿಯಲ್ಲೇ ಉಂಡು ಜಗಲಿಯಲ್ಲೇ ಮಲಗಿ ಎದ್ದು ಹೋಗುತ್ತಿದ್ದ.

ನನ್ನ ಮದುವೆಯಾಯಿತು. ಇಳಕಲ್ಲಿನದೇ ಇನ್ನೊಂದು ಓಣಿಯ ನೇಕಾರರ ಮನೆ. ಅವರು ನನ್ನ ಹಲ್ಲು ನೋಡಿದರು, ನಡಿಗೆ ನೋಡಿದರು, ರಾಟಿ ತಿರುವುವುದನ್ನೂ ನೋಡಿದರು. ಅವ್ವನ ತಂದೆ ಹೇಗೆ ನೇಯುತ್ತಿದ್ದ ಎಂದು ಯಾರೂ ಕೇಳಲಿಲ್ಲ. ಮದುವೆಗೆ ಅಣ್ಣ ಬಂದು, ಗಂಟು ಹೊತ್ತು, ಬಡಿಸಿ, ಎಲ್ಲರಿಗಿಂತ ಕೊನೆಗೆ ಉಂಡ. ಅವನ ಮಗ್ಗದ ಬೆಲೆಗೆ ನನಗೆ ಗಂಡನ ಮನೆ ಸಿಕ್ಕಿದೆ ಎಂಬುದು ತಾಳಿ ಕಟ್ಟಿಸಿಕೊಳ್ಳುವಾಗಲೂ ನನ್ನ ಮನಸ್ಸಿನಲ್ಲಿತ್ತು. ಆ ಸಂಕಟವನ್ನು ಯಾರ ಮುಂದೆ ಆಡಲಿ? ಮದುಮಗಳು ಅತ್ತರೆ ತವರು ಬಿಟ್ಟು ಹೋಗುವುದಕ್ಕೆ ಎಂದೇ ತಿಳಿಯುತ್ತಾರೆ.

ನನಗೆ ಗಂಡುಮಗುವಾಯಿತು. ಹೆತ್ತ ದಿನದಿಂದ ನಾನು ಅದರ ಕಣ್ಣನ್ನೇ ನೋಡಿದೆ. ಕೂಸಿನ ಕಣ್ಣಿನಲ್ಲಿ ಏನು ತಿಳಿಯುತ್ತದೆ? ಮೂರು ವರ್ಷ ತುಂಬಿ ಮಾತು ಸ್ಪಷ್ಟವಾದಾಗ ಅವನನ್ನು ತವರಿಗೆ ಕರೆದುಕೊಂಡು ಬಂದೆ. ಅಷ್ಟೊತ್ತಿಗೆ ಅತ್ತೆ ತೀರಿಕೊಂಡಿದ್ದಳು. ಅಪ್ಪ ಹೊರಗೆ ಹೋಗಿದ್ದ. ಅವ್ವ ಕದ ಮುಂದೆ ಮಾಡಿ, ಒಂದು ಬುಟ್ಟಿ ಕಂಡಿಕೆ ತಂದು ನೆಲದ ಮೇಲೆ ಸುರಿದಳು. "ಕೂಸ, ಕೆಂಪೂವು ಅಷ್ಟೂ ನನಗ ಕೊಡು ನೋಡೂಣು" ಎಂದಳು.

ಅವನು ಆಟವೆಂದು ತಿಳಿದು ಪಟಪಟನೆ ಆರಿಸಿದ. ಕೆಂಪಿನಲ್ಲಿ ಒಂದೂ ಬಿಡಲಿಲ್ಲ, ಹಸಿರಿನಲ್ಲಿ ಒಂದೂ ಮುಟ್ಟಲಿಲ್ಲ. ಅವ್ವ ಮತ್ತೊಮ್ಮೆ ಕಲಸಿ ಕೇಳಿದಳು, ಮತ್ತೆ ಸರಿಯಾಗಿ ಕೊಟ್ಟ. ಕುಣಿಯಬೇಕಾದವರು ನಾವು ಗೋಡೆಗೆ ಒರಗಿ ಕೂತು ಅತ್ತೆವು. ಇಷ್ಟು ವರ್ಷ ಯಾವುದಕ್ಕೆ ಅಂಜಿದೆವೋ ಅದು ಬರಲೇ ಇಲ್ಲ. ನಾನು ಅದನ್ನು ಹೊತ್ತಿದ್ದೆನೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಣ್ಣನ ಮಗ್ಗ ಹೋದದ್ದು ಮಾತ್ರ ಗೊತ್ತು.

ಅದೇ ದಿನ ಅವ್ವ ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ಮಗ್ಗದಲ್ಲಿ ಕೂತಿದ್ದ. ಹುನಗುಂದದ ಅಜ್ಜನ ಕಣ್ಣು, ಡಾಕ್ಟರ ಲಡಿ, ಬಲಕ್ಕೆ ಕೆಂಪು, ಎಡಕ್ಕೆ ಹಸಿರು, ನನ್ನ ಮದುವೆಯ ಹೆದರಿಕೆ, ಒಂದನ್ನೂ ಬಿಡದೆ ಹೇಳಿದಳು. ಅಪ್ಪ ಲಾಳಿ ಕೆಳಗಿಟ್ಟ.

"ಇಷ್ಟ ಏನು?" ಎಂದ. "ಮದಲ ಹೇಳಿದ್ರ ನಾನ ಇಡ್ತಿದ್ದೆ ಅಲ್ಲ, ಕಂಡಿಕಿ? ನಾ ಏನು ಹೆಣ್ಣಮಗಳು ಅಲ್ಲ. ಯಾರು ಯಾಕ ಅಂತಿದ್ರು?"

ಅವ್ವ ಧೋತರ ಮುಚ್ಚಿದ್ದ ಮಗ್ಗದ ಕಡೆ ತಿರುಗಿದಳು. ಎರಡು ಮಗ್ಗ ಅಕ್ಕಪಕ್ಕದಲ್ಲೇ ಇದ್ದವು. ಅಪ್ಪ ಕೈ ಚಾಚಿದರೆ ಅಣ್ಣನಿಗೆ ಕಂಡಿಕೆ ಸಿಗುತ್ತಿತ್ತು, ಯಾವ ಶಾಸ್ತ್ರವೂ ಮುರಿಯುತ್ತಿರಲಿಲ್ಲ, ಓಣಿಯವರಿಗೆ ಏನೂ ಕಾಣುತ್ತಿರಲಿಲ್ಲ. ಇಷ್ಟು ಸುಲಭದ್ದು ನಮ್ಮಿಬ್ಬರಿಗೆ ಹೊಳೆಯದೇ ಹೋಯಿತು, ಯಾಕೆಂದರೆ ಅಪ್ಪನಿಗೆ ಹೇಳಬಹುದು ಎಂಬುದೇ ನಮಗೆ ಹೊಳೆದಿರಲಿಲ್ಲ. ವರ್ಷಗಳು ಕಳೆದು ಮೆತ್ತಗಾದ ಅಪ್ಪ ಆಡಿದ ಮಾತು ಅದು. ಲಾಳಿ ಎತ್ತಿ ಹೊಡೆದ ಅಪ್ಪ ಹಾಗೆ ಅನ್ನುತ್ತಿದ್ದನೋ ಇಲ್ಲವೋ, ದೇವರೇ ಬಲ್ಲ. ಕೇಳಿ ನೋಡಬಹುದಿತ್ತು.

ಮರುದಿನವೇ ಅಪ್ಪ ಬಾಗಲಕೋಟೆಗೆ ಹೋಗಿ ಅಣ್ಣನನ್ನು ಕರೆತಂದ. ಎರಡನೆಯ ಮಗ್ಗದ ಧೋತರ ತೆಗೆದು, ಧೂಳು ಜಾಡಿಸಿ, ಹೊಸ ಹಾಸು ಹೂಡಿದ. ಇದಕ್ಕೇ ಹಲವು ದಿನ ಹಿಡಿಯಿತು. ಅಣ್ಣ ಜಗಲಿಯಲ್ಲಿ ಕೂತು ನೋಡುತ್ತಿದ್ದ. ಉಣ್ಣುವಾಗ ಬೇಗ ಬೇಗ ಉಣ್ಣುತ್ತಿದ್ದ. ನಾನೂ ಗಂಡನ ಮನೆಗೆ ಹೋಗದೆ ಉಳಿದೆ. ಎಲ್ಲ ಸಿದ್ಧವಾದ ಬೆಳಿಗ್ಗೆ ಅವನು ನಡುಮನೆಗೆ ಬಂದು ಕುಣಿಯಲ್ಲಿ ಕಾಲು ಇಳಿಬಿಟ್ಟ. ಅಪ್ಪನೇ ಅವನ ಬಲಕ್ಕೆ ಕೆಂಪು ಕಂಡಿಕೆಗಳನ್ನೂ ಎಡಕ್ಕೆ ಹಸಿರು ಕಂಡಿಕೆಗಳನ್ನೂ ಇಟ್ಟ. ಅಣ್ಣ ಬಲಕ್ಕೆ ಕೈ ಹಾಕಿದ.

ರೇಷ್ಮೆಯ ಎಳೆ ಅವನ ಬೆರಳಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋದರೆ ಇನ್ನೊಂದು ಬೆರಳಿಗೆ ಸಿಕ್ಕಿತು. ಅಂಡಿಗೆಯ ಹಗ್ಗ ಎಳೆದೆಳೆದು ಅವನ ಅಂಗೈಯೆಲ್ಲ ಬಿರುಕು ಬಿಟ್ಟು, ದಡ್ಡುಗಟ್ಟಿ, ಬೆರಳ ತುದಿಗಳು ಜಾಲಿಯ ತೊಗಟೆಯಂತಾಗಿದ್ದವು. ಮತ್ತೆ ಹಿಡಿದ, ಎಳೆ ಹರಿಯಿತು. ಮೂರನೆಯ ಸಲಕ್ಕೆ ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡ.

"ಕಣ್ಣಿಂದು ಅಲ್ಲಪ್ಪಾ ಈಗ" ಎಂದ. "ಕೈನ ಆಗವಲ್ದು."

ಅಪ್ಪ ಎದ್ದು ಹೊರಗೆ ಹೋದ. ಅವ್ವ ಅಡುಗೆಮನೆಯಿಂದ ಬೆಣ್ಣೆ ತಂದು, ಮಗ್ಗದ ಪಕ್ಕದಲ್ಲಿ ನೆಲದ ಮೇಲೆ ಕೂತು, ಮಗನ ಎರಡೂ ಕೈಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕತೊಡಗಿದಳು. ಬಿರುಕು ಬಿರುಕಿಗೆ ಬೆಣ್ಣೆ ತುಂಬಿ ತಿಕ್ಕಿದಳು. "ನಾಕ ದಿನ ಇರು, ಮಗನ. ಮೆತ್ತಗ ಆಗ್ತಾವ. ನಾ ಮಾಡ್ತೇನಿ, ನೀ ಬರೇ ಇರು" ಎನ್ನುತ್ತಿದ್ದಳು. ಅಣ್ಣ ಸಣ್ಣ ಹುಡುಗನಂತೆ ಕೈ ಬಿಟ್ಟುಕೊಂಡು ಕೂತಿದ್ದ. "ಆಗ್ಲಿ ಅವ್ವಾ" ಎಂದ. ಮರುದಿನ ಅವಳು ಬೆಣ್ಣೆ ತೆಗೆದುಕೊಂಡು ಜಗಲಿಗೆ ಬಂದಾಗ ಅವನು ಮೊದಲ ಬಸ್ಸಿಗೆ ಹೋಗಿ ಆಗಿತ್ತು.